ಸೈಕಲ್ ಸವಾರರಿಗೂ ದಂಡವಂತೆ: ನಮ್ಮ ಬಳಗದ ಗುಂಪಿನಲ್ಲಿ ನಡೆದ ಮಾತು

ಜಯನಗರ ದೊಡ್ಡಪ್ಪ (ಫಾರ್ವರ್ಡ್): ಸಾರ್ವಜನಿಕರ ಗಮನಕ್ಕೆ! ಮುಂದಿನ ತಿಂಗಳ 1ನೇ ತಾರೀಖಿನಿಂದ ಸೈಕಲ್ ಸವಾರರಿಗೂ ಹೆಲ್ಮೆಟ್ ಮತ್ತು ನೋಂದಣಿ ಕಡ್ಡಾಯ. ತಪ್ಪಿದಲ್ಲಿ 1,000 ರೂಪಾಯಿ ದಂಡ ವಿಧಿಸಿ ಸೈಕಲ್ ಜಪ್ತಿ ಮಾಡಲಾಗುವುದು. ನಿಮ್ಮ ಮಕ್ಕಳ ಹಿತದೃಷ್ಟಿಯಿಂದ ಎಲ್ಲ ಗುಂಪುಗಳಿಗೂ ಕಳುಹಿಸಿ.

ಜಯನಗರ ದೊಡ್ಡಪ್ಪ: ಅನುಪಮಾ, ಇದನ್ನು ಓದಿದೊಡನೆ ನಿನ್ನ ನೆನಪಾಯಿತು. ನೀನು ದಿನವೂ ಆ ವಾಹನಗಳ ನಡುವೆ ಕಚೇರಿಗೆ ಸೈಕಲ್ ತುಳಿಯುತ್ತೀಯೆ ಎಂದರೆ ನನಗೂ ನಿನ್ನ ದೊಡ್ಡಮ್ಮನಿಗೂ ಸಂಜೆ ನೀನು ಮನೆ ಸೇರುವವರೆಗೆ ಸಮಾಧಾನವಿರುವುದಿಲ್ಲ.

ವಿನಯ: ಮಾವ, ಇದರಲ್ಲಿ ಆದೇಶದ ಸಂಖ್ಯೆ ಇಲ್ಲ, ದಿನಾಂಕವಿಲ್ಲ, ಯಾವ ಇಲಾಖೆ ಹೊರಡಿಸಿತೆಂಬ ಮಾತೂ ಇಲ್ಲ. "ಮುಂದಿನ ತಿಂಗಳು" ಎಂದು ಬರೆದರೆ ಅದು ಯಾವ ವರ್ಷಕ್ಕಾದರೂ ಹೊಂದುತ್ತದೆ. ಇದರ ಮೂಲ ಯಾವುದು?

ಜಯನಗರ ದೊಡ್ಡಪ್ಪ: ಬೆಳಗಿನ ವಾಯುವಿಹಾರದ ಗುಂಪಿನಲ್ಲಿ ನಿವೃತ್ತ ಅಧಿಕಾರಿಯೊಬ್ಬರು ಹಾಕಿದ್ದು. ಅವರು ಬಾಯಿಗೆ ಬಂದದ್ದನ್ನು ಹೇಳುವ ಪೈಕಿಯವರಲ್ಲ.

ವಿನಯ: 2016ರಲ್ಲಿ ಎರಡು ಸಾವಿರದ ನೋಟಿನೊಳಗೆ ಚಿಪ್ ಇದೆಯೆಂಬ ಸಂದೇಶವೂ ಅದೇ ಗುಂಪಿನಿಂದಲೇ ಬಂದಿತ್ತು, ಮಾವ.

ಮೈಸೂರು ಅತ್ತೆ: ವಿನಯ, ಹಿರಿಯರ ಹಳೆಯ ತಪ್ಪನ್ನು ಎಲ್ಲರೆದುರು ಎತ್ತಿ ಆಡುವುದು ಬೇಡ. ಆಗಲೂ ಹೀಗೆಯೇ ಮಾತು ಬೆಳೆದು ಅಣ್ಣ ಗುಂಪು ಬಿಟ್ಟು ಹೋಗಿದ್ದ, ಮತ್ತೆ ಸೇರಿಸಲು ನಾನೇ ಮಧ್ಯೆ ಬರಬೇಕಾಯಿತು.

ಶಿವಮೊಗ್ಗ ಚಿಕ್ಕಪ್ಪ: ಸೈಕಲ್ಲಿಗೆ ನೋಂದಣಿ ಎಂಬುದು ಹೊಸದೇನಲ್ಲ. ನಾವು ಹುಡುಗರಾಗಿದ್ದಾಗ ಊರಿನ ಪುರಸಭೆಗೆ ಹಣ ಕಟ್ಟಿ ಲೋಹದ ಬಿಲ್ಲೆ ತಂದು ಸೈಕಲ್ಲಿಗೆ ಸಿಕ್ಕಿಸಬೇಕಾಗಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಬಂದರೆ, ಇಲ್ಲವೇ ಡಬಲ್ ರೈಡ್ ಹೊಡೆದರೆ, ಪೊಲೀಸರು ನಿಲ್ಲಿಸಿ ಚಕ್ರದ ಗಾಳಿ ಬಿಡುತ್ತಿದ್ದರು. ಅಣ್ಣನ ಸೈಕಲ್ಲಿನ ಡೈನಮೋ ದೀಪ ಏರಿನಲ್ಲಿ ಮಂಕಾಗಿ, ಇಳಿಜಾರಿನಲ್ಲಿ ಬೆಳಗುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ಸೈಕಲ್ಲನ್ನು ಮುಟ್ಟಲೂ ಅವನು ಬಿಡುತ್ತಿರಲಿಲ್ಲವಾದ್ದರಿಂದ ನಾನು ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ತುಳಿದು ಕಲಿತೆ.

ಜಯನಗರ ದೊಡ್ಡಪ್ಪ: ನೀನು ಅದನ್ನು ಕಾಲುವೆಗೆ ಇಳಿಸಿ ಮುಂದಿನ ಚಕ್ರ ಸೊಟ್ಟ ಮಾಡಿದ ಮೇಲೆ ಬಿಡಲಿಲ್ಲ. ಅದಕ್ಕೂ ಮೊದಲು ಬಿಟ್ಟಿದ್ದೆ.

ಸುಧಾಕರ ಭಾವ: ಸಂದೇಶ ಸುಳ್ಳೇ ಇರಲಿ, ಅದರ ಆಶಯದಲ್ಲಿ ತಪ್ಪೇನಿದೆ? ಕೆಂಪು ದೀಪವಿದ್ದರೂ ದಾಟುವವರು, ಏಕಮುಖ ರಸ್ತೆಯಲ್ಲಿ ಎದುರಿನಿಂದ ಬರುವವರು, ರಾತ್ರಿ ದೀಪವಿಲ್ಲದೆ ಬರುವವರು ಸೈಕಲ್ಲಿನವರಲ್ಲಿ ಬೇಕಾದಷ್ಟಿದ್ದಾರೆ. ಡಿಕ್ಕಿಯಾದರೆ ಮಾತ್ರ ಎಲ್ಲರೂ ಕಾರಿನವನನ್ನೇ ಹಿಡಿಯುತ್ತಾರೆ.

ನಾನು: ದೊಡ್ಡಪ್ಪ, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಆದ್ದರಿಂದಲೇ ವಿವರವಾಗಿ ಬರೆಯುತ್ತಿದ್ದೇನೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಕಡ್ಡಾಯ ಮಾಡಿರುವುದು ಮೋಟಾರ್ ಸೈಕಲ್ಲಿನವರಿಗೆ. ಅದೇ ಕಾಯ್ದೆಯ 2(28)ನೇ ಕಲಮಿನಂತೆ ಯಂತ್ರಶಕ್ತಿಯಿಂದ ಚಲಿಸುವುದು ಮಾತ್ರ ಮೋಟಾರು ವಾಹನವಾದ್ದರಿಂದ, ಕಾಲಿನಿಂದ ತುಳಿಯುವ ಸೈಕಲ್ಲಿಗೆ ಅದರಡಿ ನೋಂದಣಿಯೂ ಇಲ್ಲ, ಲೈಸೆನ್ಸೂ ಇಲ್ಲ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ವೇಗ ಮುಟ್ಟದ ಬ್ಯಾಟರಿ ಸೈಕಲ್ಲುಗಳನ್ನೂ ನಿಯಮಗಳು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಸಂದೇಶದಲ್ಲಿರುವ 1,000 ರೂಪಾಯಿ 2019ರ ತಿದ್ದುಪಡಿಯಲ್ಲಿ ಬೈಕ್ ಸವಾರರಿಗೆ ಗೊತ್ತುಪಡಿಸಿದ ಮೊತ್ತ, ನಮ್ಮ ರಾಜ್ಯ ಅದನ್ನೂ ಅದೇ ವರ್ಷ 500ಕ್ಕೆ ಇಳಿಸಿತು. ಬೈಕಿನವರ ದಂಡವನ್ನು ಯಾರೋ ಸೈಕಲ್ಲಿಗೆ ಅಂಟಿಸಿ ಹರಿಯಬಿಟ್ಟಂತೆ ಕಾಣುತ್ತದೆ.

ನಾನು ಹೆಲ್ಮೆಟ್ ಹಾಕುತ್ತೇನೆ, ಹಿಂದೆ ಕೆಂಪು ದೀಪವನ್ನೂ ಇಟ್ಟಿದ್ದೇನೆ. ಭಾವ ಹೇಳಿದಂತೆ ದೀಪವಿಲ್ಲದೆ ರಾತ್ರಿ ರಸ್ತೆಗಿಳಿಯುವುದು ತಪ್ಪೇ. ಆದರೆ ನನ್ನನ್ನು ಅಪಾಯಕ್ಕೆ ಒಡ್ಡುವ ಸಂಗತಿಗಳಲ್ಲಿ ಯಾವುದೂ ಈ ಸಂದೇಶದಲ್ಲಿಲ್ಲ. ಕಳೆದ ವಾರ ರಸ್ತೆಯ ಎಡಬದಿಗೆ ನಿಂತಿದ್ದ ಕಾರೊಂದರ ಹಿಂಚಕ್ರದ ಸಮಕ್ಕೆ ನಾನು ಬರುವಷ್ಟರಲ್ಲಿ ಚಾಲಕನ ಬಾಗಿಲು ಪೂರ್ತಿ ತೆರೆದುಕೊಂಡಿತು. ಬಲಕ್ಕೆ ಸರಿಯೋಣವೆಂದರೆ ಹಿಂದೆ ಬಸ್ಸಿನ ಹಾರನ್ನು. ಎರಡೂ ಬ್ರೇಕ್ ಹಿಡಿದಾಗ ಹಿಂದಿನ ಚಕ್ರ ಜಾರಿ, ಹ್ಯಾಂಡಲ್ಲು ಬಾಗಿಲಿನ ಅಂಚಿಗೆ ಬಡಿದು, ಬೆರಳಿನ ಗೆಣ್ಣು ಸುಲಿದು ನಿಂತೆ. ಕೆಳಗಿಳಿದವರು ಮೊದಲು ನೋಡಿದ್ದು ಬಾಗಿಲಿನ ಬಣ್ಣ ಕಿತ್ತಿದೆಯೇ ಎಂದು. ಚಾಲಕರು ಆ ಬಾಗಿಲನ್ನು ಎಡಗೈಯಿಂದ ತೆರೆದರೆ ಭುಜ ತಾನಾಗಿಯೇ ಬಲಕ್ಕೆ ತಿರುಗಿ ಹಿಂದಿನಿಂದ ಬರುವವರು ಕಣ್ಣಿಗೆ ಬೀಳುತ್ತಾರೆ. ಇದಕ್ಕೆ ಕಾಸಿನ ಖರ್ಚಿಲ್ಲ, ಆದರೂ ಇದನ್ನು ಯಾವ ಗುಂಪಿನಲ್ಲಿಯೂ ಯಾರೂ ಫಾರ್ವರ್ಡ್ ಮಾಡಿದ್ದನ್ನು ನಾನು ಕಂಡಿಲ್ಲ.

ಇನ್ನು ಚರಂಡಿಯ ಜಾಲರಿಗಳು. ಅವುಗಳ ಸರಳುಗಳು ರಸ್ತೆಯ ಉದ್ದಕ್ಕೇ ಇದ್ದರೆ ಸೈಕಲ್ಲಿನ ತೆಳುವಾದ ಚಕ್ರ ನೇರವಾಗಿ ಸಂದಿಗೆ ಇಳಿಯುತ್ತದೆ, ಮಳೆ ನೀರು ನಿಂತಾಗ ಜಾಲರಿ ಎಲ್ಲಿದೆಯೆಂಬುದೇ ತಿಳಿಯುವುದಿಲ್ಲ. ನಮಗೆಂದು ಜಾಗ ಮಾಡಿಕೊಟ್ಟಾಗಲೂ ಅದು ಉಳಿಯುವುದಿಲ್ಲ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಸೈಕಲ್ ಪಥ ಬಿಡಿಸಿದರು, ಗೂಟಗಳು ಮುರಿದವು, ಬೈಕುಗಳು ನುಗ್ಗಿದವು. ನಿಮ್ಮ ಜಯನಗರದ ಸೈಕಲ್ ಪಥದಲ್ಲಿ ಸಾಲಾಗಿ ನಿಂತಿರುವುದು ಕಾರುಗಳೇ. ಪಥಕ್ಕೆ ಕಾರು ನುಗ್ಗಿದಾಗ ನಾನು ಅಲ್ಲಿಂದ ಇಳಿದು ಬಸ್ಸಿನ ಮುಂದೆ ಹೋಗಬೇಕಾಗುತ್ತದೆ.

ಸುಧಾಕರ ಭಾವ: ಜಯನಗರ ಎಂದಾಗಲೇ ಯಾರನ್ನು ಕುರಿತ ಮಾತೆಂದು ತಿಳಿಯಿತು. ನಿಶ್ಚಿತಾರ್ಥದ ದಿನ ನಾನು ಆ ಪಥದಲ್ಲಿ ಕಾರು ನಿಲ್ಲಿಸಿದ್ದಕ್ಕೆ ಬೀಗರ ಮುಂದೆ "ಇದು ಕಾರು ನಿಲ್ಲಿಸುವ ಜಾಗವಲ್ಲ" ಎಂದು ನೀನು ಅಂದದ್ದನ್ನು ನಾನು ಮರೆತಿಲ್ಲ. ಮಂಡಿನೋವಿನ ಮಾವನವರನ್ನು ಎಷ್ಟು ದೂರ ನಡೆಸಬೇಕಾಗಿತ್ತು?

ನಾನು: ಭಾವ, ಅವರನ್ನು ಬಾಗಿಲಲ್ಲೇ ಇಳಿಸಿದ್ದಕ್ಕೆ ನಾನು ಏನೂ ಅಂದಿರಲಿಲ್ಲ. ಇಳಿಸಿದ ಮೇಲೂ ಕಾರು ಸಂಜೆಯವರೆಗೆ ಅಲ್ಲೇ ಇತ್ತು. ಶಾಲೆ ಬಿಟ್ಟು ಬರುತ್ತಿದ್ದ ಹುಡುಗನೊಬ್ಬ ಅದನ್ನು ಬಳಸಿಕೊಂಡು ರಸ್ತೆಯ ನಡುವಿಗೆ ಬಂದಾಗ ಆಟೋ ಅವನ ಚೀಲಕ್ಕೆ ತಾಗಿ ಹೋಯಿತು. ಅದನ್ನು ಕಣ್ಣಾರೆ ಕಂಡ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಮೈಸೂರು ಅತ್ತೆ: ನಮ್ಮಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ 450 ಸೈಕಲ್ಲುಗಳಿದ್ದವು, ನಾನೂ ಸದಸ್ಯಳಾಗಿ ಮಾರುಕಟ್ಟೆಗೆ ಹೋಗಿಬರುತ್ತಿದ್ದೆ. ಮೈಸೂರಿನಂಥ ಊರಿನಲ್ಲೂ ವೃತ್ತಗಳಲ್ಲಿ ಕಾರಿನವರು ದಾರಿ ಬಿಡುವುದಿಲ್ಲ. ಸುಧಾಕರ, ಅವಳು ಹೇಳುವುದನ್ನು ಸ್ವಲ್ಪ ಕೇಳಿಸಿಕೊಳ್ಳಪ್ಪ.

ಸುಧಾಕರ ಭಾವ: ನನ್ನ ಮಾತನ್ನು ಅಂದು ಯಾರು ಕೇಳಿಸಿಕೊಂಡರು, ಅತ್ತೆ?

ಜಯನಗರ ದೊಡ್ಡಪ್ಪ: ಕಾರು ಅಲ್ಲೇ ಇರಲಿ, ತೆಗೆಯಬೇಡಿ ಎಂದು ಅಳಿಯಂದಿರಿಗೆ ಹೇಳಿದ್ದು ನಾನು. ಹಿಂದಿರುಗುವಾಗ ಕಾಯಬೇಕಾಗುತ್ತದೆಂದು ಹಾಗೆ ಹೇಳಿದೆ, ಆಮೇಲೆ ಮಾತು ಬೆಳೆದಾಗ ಸುಮ್ಮನಿದ್ದುಬಿಟ್ಟೆ.

ಸುಧಾಕರ ಭಾವ: ಮಾವ, ಇದನ್ನು ಅಂದೇ ಹೇಳಿದ್ದರೆ ನಾನೂ ಅನುಪಮಾಳೂ ಇಷ್ಟು ದಿನ ಮುಖ ಕೊಟ್ಟು ಮಾತಾಡದೆ ಇರಬೇಕಾಗಿರಲಿಲ್ಲ.

ವಿನಯ: ಮಾವ, ವಾಯುವಿಹಾರದ ಗುಂಪಿಗೂ ಇದು ನಿಜವಲ್ಲವೆಂದು ತಿಳಿಸುತ್ತೀರಲ್ಲವೇ?

ಜಯನಗರ ದೊಡ್ಡಪ್ಪ: ಬರೆಯುತ್ತಿದ್ದೇನೆ. ಅನುಪಮಾ, ಕಲಮುಗಳ ಸಂಖ್ಯೆಯನ್ನು ಬೇರೆಯಾಗಿ ಕಳುಹಿಸು.

ನಾನು: 129 ಮತ್ತು 2(28), ದೊಡ್ಡಪ್ಪ. ಅದರ ಕೆಳಗೆ ಎಡಗೈಯಿಂದ ಬಾಗಿಲು ತೆರೆಯುವುದನ್ನೂ ದಯವಿಟ್ಟು ಸೇರಿಸಿ. ಆ ಗುಂಪಿನವರಲ್ಲಿ ಬಹಳ ಮಂದಿ ಉದ್ಯಾನದವರೆಗೆ ಕಾರಿನಲ್ಲಿ ಬರುತ್ತಾರೆ, ಹಾಲು ಮತ್ತು ಪೇಪರ್ ಹಾಕುವ ಹುಡುಗರು ಸೈಕಲ್ಲಿನಲ್ಲಿ ಆ ಕಾರುಗಳ ಪಕ್ಕದಲ್ಲಿ ಹಾದುಹೋಗುವುದೂ ಅದೇ ಹೊತ್ತಿಗೆ.