ಅಮ್ಮನ ಬಗ್ಗೆ ಚರ್ಚ್‌ನಲ್ಲಿ ಮಾತಾಡಬೇಕು, ಏನು ಹೇಳಲಿ?

ಕಿರಿಮಗಳು:
ಅಮ್ಮ ಹೋದ ತಿಂಗಳು ತೀರಿಕೊಂಡರು. ಮುಂದಿನ ವಾರ ಚರ್ಚ್‌ನಲ್ಲಿ ಅವರ ನೆನಪಿಗೆ ಆರಾಧನೆ ಇದೆ. ಮನೆಯವರ ಪರವಾಗಿ ನಾನೇ ಮಾತಾಡಬೇಕಂತೆ, ಅಣ್ಣ ಹೇಳಿಬಿಟ್ಟಿದ್ದಾನೆ. ಅಮ್ಮನ ಅರ್ಧ ಬದುಕು ಆ ಚರ್ಚ್‌ನಲ್ಲೇ ಕಳೆಯಿತು, ನಾನು ಅಲ್ಲಿಗೆ ಹೋಗುವುದು ಬಿಟ್ಟು ತುಂಬಾ ವರ್ಷ ಆಯಿತು. ಬರೆಯಲು ಕೂತರೆ ‘ದೈವಭಕ್ತೆ, ಮಮತಾಮಯಿ, ಪ್ರಾರ್ಥನಾಶೀಲೆ’ ಅಂತ ಪೇಪರಿನ ಶ್ರದ್ಧಾಂಜಲಿಯ ಮಾತುಗಳೇ ಬರುತ್ತವೆ. ಸುಳ್ಳೇನಲ್ಲ, ಆದರೆ ಅದರಲ್ಲಿ ನಮ್ಮಮ್ಮ ಎಲ್ಲಿದ್ದಾರೆ? ನಾನು ಚರ್ಚ್ ಬಿಟ್ಟೆ ಅಂತ ಮಾತು ಬಿಟ್ಟಿದ್ದರು, ಆಮೇಲೆ ಮೊಮ್ಮಕ್ಕಳ ನೆಪ ಮಾಡಿಕೊಂಡು ತಾವೇ ಫೋನ್ ಮಾಡಿ, ಕೊನೆಗೆ ನನ್ನ ಹತ್ತಿರವೇ ಜಾಸ್ತಿ ಹೊತ್ತು ಮಾತಾಡುತ್ತಿದ್ದರು. ಇದನ್ನೆಲ್ಲ ಅಲ್ಲಿ ಹೇಳಬಹುದಾ? ನಂಬಿಕೆ ಇಲ್ಲದವಳು ನಂಬಿಕೆಯ ಬಗ್ಗೆ ಮಾತಾಡಿದರೆ ನಾಟಕ ಅನಿಸುವುದಿಲ್ವಾ?

ಹಿಂದಿನ ಸಾಲು:
ನಿಮ್ಮ ನಂಬಿಕೆ ಎಷ್ಟು ಅಂತ ಯಾರೂ ಅಳೆಯುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಹೇಳಿ. ಬೈಬಲಿನ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ ಯೊಪ್ಪ ಊರಿನ ತಬಿಥಾ ಸತ್ತಾಗ, ಯೇಸುವಿನ ಶಿಷ್ಯ ಪೇತ್ರನ ಮುಂದೆ ಅಲ್ಲಿನ ವಿಧವೆಯರು ಅವಳ ಭಕ್ತಿ ಎಷ್ಟು ದೊಡ್ಡದು ಅಂತ ಭಾಷಣ ಮಾಡಲಿಲ್ಲ. ಅವಳು ಮಾಡಿಕೊಟ್ಟಿದ್ದ ಬಟ್ಟೆಗಳನ್ನು ಅಳುತ್ತಾ ತೋರಿಸಿದರು, ಅಷ್ಟೇ. ನಿಮ್ಮಮ್ಮನ ಕೈಯಿಂದ ಯಾರಿಗೆ ಏನು ಸಿಕ್ಕಿತ್ತು ಅಂತ ಹುಡುಕಿ. ಚರ್ಚ್‌ನಲ್ಲಿ ಅವರ ಪಕ್ಕ ಕೂರುತ್ತಿದ್ದವರಿಗೆ ಫೋನ್ ಮಾಡಿ, ನಿಮಗೆ ಗೊತ್ತಿಲ್ಲದ ಅರ್ಧ ಅವರಿಗೆ ಗೊತ್ತಿರುತ್ತದೆ. ಅಮ್ಮನ ಬೈಬಲನ್ನೂ ತೆಗೆದು ನೋಡಿ. ಗೆರೆ ಎಳೆದ ವಚನ, ಅಂಚಿನಲ್ಲಿ ಬರೆದ ತಾರೀಖು, ಪ್ರಾರ್ಥನೆಯ ಚೀಟಿ ಏನಾದರೂ ಇರಬಹುದು. ಚೀಟಿಯಲ್ಲಿ ಬೇರೆಯವರ ಕಷ್ಟ ಇದ್ದರೆ ಮಾತ್ರ ಹೆಸರು ಓದಬೇಡಿ, ಅದು ನಿಮ್ಮಮ್ಮನನ್ನು ನಂಬಿ ಹೇಳಿಕೊಂಡಿದ್ದು.

ಕ್ವಾಯರ್‌ನವನು:
ಮೊದಲು ನಿಮ್ಮ ಸಭೆಯ, ಅಂದರೆ ಚರ್ಚ್‌ನ, ಪದ್ಧತಿ ಕೇಳಿಕೊಳ್ಳಿ. ಕಥೋಲಿಕರ ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ (ಮಾಸ್) ಗುರುಗಳ ಪ್ರಬೋಧನೆ, ಅಂದರೆ ಉಪದೇಶ, ಇರುತ್ತದೆ, ಅದು ಸತ್ತವರ ಗುಣಗಾನ ಆಗಬಾರದು ಅಂತ ನಿಯಮವೇ ಇದೆ. ಪರಮಪ್ರಸಾದ (ಕಮ್ಯುನಿಯನ್) ಆದ ಮೇಲೆ, ಕೊನೆಯ ಬೀಳ್ಕೊಡುಗೆಗೆ ಮುಂಚೆ ಮನೆಯವರೊಬ್ಬರು ನಾಲ್ಕು ಮಾತು ಹೇಳಬಹುದು. ನಿಮ್ಮದು ಬೇರೆ ದಿನದ ಆರಾಧನೆ, ಹಾಗಾಗಿ ಸಮಯ ಇನ್ನೂ ಸ್ವಲ್ಪ ಸಿಗಬಹುದು, ಆದರೂ ಎಷ್ಟು ನಿಮಿಷ ಅಂತ ಕೇಳಿಯೇ ಬರೆಯಿರಿ. ತಾಯಂದಿರಿಗೆ ಎಲ್ಲರೂ ಬೈಬಲಿನ ಜ್ಞಾನೋಕ್ತಿ 31, ಗುಣವತಿಯಾದ ಹೆಂಡತಿಯ ಹೊಗಳಿಕೆ, ಓದಿಸುತ್ತಾರೆ, ಕೇಳಿ ಕೇಳಿ ಸಾಕಾಗಿದೆ (ಕ್ಷಮಿಸಿ, ಪ್ರತಿ ಸಲವೂ ಅಲ್ಲೇ ನಿಂತಿರುವವನು ನಾನು). 2 ತಿಮೊಥೆ 1:5 ನೋಡಿ, ಪೌಲ ತಿಮೊಥೆಗೆ ಬರೆದ ಎರಡನೇ ಪತ್ರ. ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನೀಕೆಯಲ್ಲಿ ಇತ್ತು ಅಂತ ಪೌಲ ಹೆಸರು ಹಿಡಿದು ಬರೆಯುತ್ತಾನೆ. ಚಿಕ್ಕ ವಚನ, ಮೊಮ್ಮಕ್ಕಳೇ ಓದಬಹುದು.

ಮೊಮ್ಮಗಳ ಲೆಕ್ಕ:
ಮಕ್ಕಳನ್ನು ಬರೀ ಓದಿಸಬೇಡಿ, ಕೇಳಿ. ದೊಡ್ಡವರು ಸತ್ತವರನ್ನು ಸಂತರನ್ನಾಗಿ ಮಾಡಿಬಿಡುತ್ತಾರೆ, ಮಕ್ಕಳು ಮಾಡುವುದಿಲ್ಲ. ನಮ್ಮಜ್ಜಿ ಪಾಸ್ಟರ್ ಪ್ರಸಂಗ (ಉಪದೇಶ) ಶುರುವಾದರೆ ತೂಕಡಿಸುತ್ತಿದ್ದರು, ಹಾಡು ಶುರುವಾದರೆ ಎಲ್ಲರಿಗಿಂತ ಮುಂದೆ, ಅದೂ ಬೇರೆಯೇ ರಾಗದಲ್ಲಿ. ನನ್ನ ತಮ್ಮ ಇದನ್ನು ಹೇಳಿದಾಗ ಪಾಸ್ಟರ್ ಸೇರಿ ಎಲ್ಲರೂ ನಕ್ಕರು, ಯಾಕೆಂದರೆ ಎಲ್ಲರೂ ಅದನ್ನು ಕೇಳಿಸಿಕೊಂಡವರೇ. ನಿಮ್ಮ ಜಗಳದ ಮಾತನ್ನೂ ಹೇಳಿ ಅಕ್ಕ. ಲೆಕ್ಕ ತೀರಿಸುವ ಹಾಗೆ ಬೇಡ, ಆ ಫೋನ್‌ವರೆಗೆ ತಂದು ನಿಲ್ಲಿಸಿ.

ಕಿರಿಮಗಳು:
ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಪಕ್ಕ ಕೂರುತ್ತಿದ್ದ ಆಂಟಿಗೆ ಫೋನ್ ಮಾಡಿದೆ. ಸಭೆಯಲ್ಲಿ ಯಾರದಾದರೂ ಗಂಡ ತೀರಿಕೊಂಡರೆ ಅಮ್ಮ ಮೊದಲ ವಾರ ಹೋಗುತ್ತಿರಲಿಲ್ಲವಂತೆ, ಆಗ ಎಲ್ಲರೂ ಬರುತ್ತಾರೆ ಅಂತ. ಒಂದೆರಡು ತಿಂಗಳಾದ ಮೇಲೆ, ಬರುವವರು ನಿಂತಾಗ ಹೋಗಲು ಶುರು ಮಾಡುತ್ತಿದ್ದರಂತೆ. ನನಗೆ ಒಂದು ಸಲವೂ ಹೇಳಿರಲಿಲ್ಲ! ಇದರಿಂದಲೇ ಶುರು ಮಾಡುತ್ತೇನೆ. ಜಗಳದ ವಿಷಯ ಮಾತ್ರ ಅಣ್ಣನಿಗೆ ಇಷ್ಟವಿಲ್ಲ, ಮನೆ ಮಾತು ಅಂತಾನೆ.

ಹಿಂದಿನ ಸಾಲು:
ಬರೆದದ್ದನ್ನು ಅಣ್ಣನ ಮುಂದೆ ಜೋರಾಗಿ ಓದಿ, ಆಮೇಲೆ ಕೇಳಿ. ಸುಮ್ನೆ ‘ಜಗಳ’ ಅಂತ ಕೇಳಿದಾಗ ಬೇಡ ಅನ್ನುವವರು ಪೂರ್ತಿ ಕೇಳಿದ ಮೇಲೆ ಒಪ್ಪುವುದುಂಟು. ಒಪ್ಪದಿದ್ದರೆ ಬಿಡಿ, ಆಂಟಿ ಹೇಳಿದ್ದು ಒಂದೇ ಸಾಕು. ಒಂದು ಪ್ರತಿ ಅಣ್ಣನ ಕೈಯಲ್ಲಿ ಇರಲಿ. ಮಧ್ಯದಲ್ಲಿ ನಿಮ್ಮ ಗಂಟಲು ಕಟ್ಟಿದರೆ ಅವರು ಎದ್ದು ಬಂದು ಮುಂದುವರಿಸಬಹುದು.