ಅಮೋರೆಸ್ ಪೆರ್ರೋಸ್ ನೋಡಿದೋರು ಹೇಳಿ: ಆ ಮಧ್ಯದ ಕಥೆ ನಿಮಗೆ ಹಿಡಿಸ್ತಾ? (ಸ್ಪಾಯ್ಲರ್ ಇದೆ)

ಬನಶಂಕರಿ_ಪ್ರೇಕ್ಷಕ

ಎಲ್ರಿಗೂ ನಮಸ್ಕಾರ. ವೀಕೆಂಡಲ್ಲಿ ಮೆಕ್ಸಿಕೋದ ಅಮೋರೆಸ್ ಪೆರ್ರೋಸ್ ನೋಡ್ದೆ, 2000ದ್ದು, ಡೈರೆಕ್ಟರ್ ಇನ್ಯಾರಿಟುದು ಮೊದಲ ಸಿನಿಮಾ. ನೋಡ್ದೇ ಇರೋರಿಗೆ ಚಿಕ್ಕದಾಗಿ ಹೇಳ್ಬೇಕಂದ್ರೆ ಮೂರು ಕಥೆ ಇದೆ, ಮೂರನ್ನೂ ಮೆಕ್ಸಿಕೋ ಸಿಟಿಲಿ ಆಗೋ ಒಂದು ಕಾರ್ ಆಕ್ಸಿಡೆಂಟ್ ಗಂಟು ಹಾಕುತ್ತೆ. ಮೊದಲನೇದ್ರಲ್ಲಿ ಆಕ್ಟಾವಿಯೋ ಅನ್ನೋ ಹುಡುಗ, ಅತ್ತಿಗೆ ಸುಸಾನಾನ ಕರ್ಕೊಂಡು ಊರು ಬಿಡ್ಬೇಕು ಅಂತ ದುಡ್ಡಿಗೋಸ್ಕರ ಮನೆ ನಾಯಿ ಕೋಫಿನ ಜೂಜಿನ ಕಾಳಗಕ್ಕೆ ಇಳಿಸ್ತಾನೆ. ಎರಡನೇದು ವಲೇರಿಯಾ ಅನ್ನೋ ಮಾಡೆಲ್‌ದು, ಮ್ಯಾಗಜೀನ್ ನಡೆಸೋ ಡೇನಿಯಲ್ ಹೆಂಡ್ತಿ ಮಕ್ಕಳನ್ನ ಬಿಟ್ಟು ಇವಳ ಜೊತೆ ಹೊಸ ಫ್ಲ್ಯಾಟ್‌ಗೆ ಬರ್ತಾನೆ, ಅವತ್ತೇ ಆಕ್ಸಿಡೆಂಟ್ ಆಗಿ ಅವಳ ಕಾಲು ಮುರಿಯುತ್ತೆ. ಮೂರನೇದು ಎಲ್ ಚಿವೋ, ಬೀದಿ ನಾಯಿಗಳ ಜೊತೆ ಹಾಳು ಮನೇಲಿರೋ ಗಡ್ಡದ ಮುದುಕ, ಸುಪಾರಿ ತಗೊಂಡು ಕೊಲೆ ಮಾಡೋನು.

ಮೊದಲ ಕಥೆ ಮುಗಿಯೋವರ್ಗೂ ನಾನು ಕೂತಲ್ಲಿಂದ ಎದ್ದಿಲ್ಲ. ಆದ್ರೆ ಫ್ಲ್ಯಾಟ್ ಕಥೆ ಶುರುವಾದ್ಮೇಲೆ ಸಿನಿಮಾ ಯಾಕೋ ನಿಂತೇಹೋಯ್ತು ಅನ್ಸ್ತು. ನಾಯಿಮರಿ ನೆಲದ ಹಲಗೆ ಕೆಳಗೆ ಸಿಕ್ಕಾಕೊಂಡಿದೆ, ಇವರಿಬ್ರೂ ಮೇಲೆ ಕೂತು ಜಗಳ ಆಡ್ತಿದಾರೆ, ಅಷ್ಟೇ. ಒಟ್ಟು 154 ನಿಮಿಷದ ಸಿನಿಮಾ ಇದು, ಆ ಭಾಗ ತೆಗೆದಿದ್ರೆ ಇನ್ನೂ ಗಟ್ಟಿಯಾಗ್ತಿತ್ತು ಅಂತ ನನ್ನ ಫ್ರೆಂಡ್ ವಾದ. ನಿಮಗೇನನ್ಸ್ತು? ಮತ್ತೆ ನಾಯಿ ಕಾಳಗದ ಸೀನ್ ಬಂದಾಗ ನಮ್ಮಮ್ಮ ಎದ್ದು ಒಳಗೆ ಹೋಗ್ಬಿಟ್ರು, ಅದನ್ನ ಹೆಂಗೆ ತೆಗೆದ್ರು ಅಂತ ಗೊತ್ತಿದ್ರೆ ಅದೂ ಹೇಳಿ.

ಮಲ್ಲೇಶ್ವರಂ_ವೀಣಾ

ನಿಮ್ಮ ಫ್ರೆಂಡ್ ಮಾತು ನಾನು ಒಪ್ಪಲ್ಲ ಸರ್. ಆ ಕಥೆ ತೆಗೆದ್ರೆ ಉಳಿಯೋದು ಎರಡು ಒಳ್ಳೆ ಕ್ರೈಂ ಕಥೆ ಮಾತ್ರ. ಇಡೀ ಸಿನಿಮಾದಲ್ಲಿ ಗನ್ ಇಲ್ಲದೆ, ಗ್ಯಾಂಗ್ ಇಲ್ಲದೆ, ದುಡ್ಡಿನ ಕೊರತೆನೂ ಅಷ್ಟಾಗಿ ಇಲ್ಲದೆ ಜನ ಹೆಂಗೆ ಒಬ್ಬರನ್ನೊಬ್ರು ತಿಂದುಹಾಕ್ತಾರೆ ಅಂತ ತೋರ್ಸೋದು ಅದೊಂದೇ ಭಾಗ.

ಆ ಫ್ಲ್ಯಾಟ್‌ನ ಸ್ವಲ್ಪ ಗಮನಿಸಿ. ಕಿಟಕಿಯಿಂದ ನೋಡಿದ್ರೆ ಎದುರಿಗೇ ಅವಳದ್ದೇ ದೊಡ್ಡ ಹೋರ್ಡಿಂಗ್ ಇದೆ, ಪರ್ಫ್ಯೂಮ್ ಜಾಹೀರಾತು, ಆ ಉದ್ದನೆ ಕಾಲುಗಳು. ಹೊಸ ಮನೆ ನೆಲದ ಹಲಗೆ ಒಂದು ಕಡೆ ಮುರಿದು ತೂತಾಗುತ್ತೆ, ಚೆಂಡಿನ ಹಿಂದೆ ಓಡಿದ ಅವಳ ನಾಯಿ ರಿಚಿ ಅದ್ರೊಳಗೆ ಹೋಗಿ ವಾಪಸ್ ಬರಲ್ಲ. ರಾತ್ರಿ ಹೊತ್ತು ಕೆಳಗಡೆಯಿಂದ ಕೆರೆಯೋ ಸದ್ದು, ಕುಂಯ್‌ಗುಟ್ಟೋ ಸದ್ದು, ಅಲ್ಲಿ ಇಲಿಗಳಿವೆ ಅಂತ ಇವಳಿಗೆ ಗೊತ್ತು, ಆದ್ರೆ ವೀಲ್‌ಚೇರಲ್ಲಿ ಕೂತೋಳು ಬಗ್ಗಿ ಕೈ ಹಾಕೋಕಾಗಲ್ಲ. ನೆಲ ಕಿತ್ತುಹಾಕು ಅಂತ ಅವಳು, ದುಡ್ಡೆಲ್ಲಿದೆ ಅಂತ ಅವನು. ಅವನು ಮನೆ, ಮಕ್ಕಳು ಎಲ್ಲ ಬಿಟ್ಟು ಬಂದಿದ್ದು ಆ ಹೋರ್ಡಿಂಗ್‌ನಲ್ಲಿರೋ ಹೆಂಗಸಿಗೋಸ್ಕರ, ಈಗ ಮನೇಲಿರೋದು ನೋವಲ್ಲಿ ಕಿರುಚಾಡೋ ಹೆಂಗಸು. ಅವಳ ಹೊಟ್ಟೆಪಾಡು ಅವಳ ಮೈಯೇ ಅಲ್ವಾ, ಅದೇ ಹೋದ್ರೆ? ಕೊನೆಗೆ ಗ್ಯಾಂಗ್ರಿನ್ ಆಗಿ ಕಾಲು ತೆಗೀತಾರೆ, ಡೇನಿಯಲ್ ಒಬ್ನೇ ಮನೇಲಿ ಹಲಗೆ ಒಡೆದು ನಾಯಿನ ಎತ್ಕೋತಾನೆ, ಅವಳು ಮನೆಗೆ ಬಂದು ಕಿಟಕಿ ಹತ್ರ ಹೋದ್ರೆ ಹೋರ್ಡಿಂಗ್ ಜಾಗ ಖಾಲಿ, ಬಾಡಿಗೆಗಿದೆ ಅಂತ ಬೋರ್ಡು.

2018ರಲ್ಲಿ ಹೈಕೋರ್ಟ್ ಛೀಮಾರಿ ಹಾಕಿದ್ಮೇಲೆ ನಮ್ಮ ಬಿಬಿಎಂಪಿಯೋರು ಊರ ತುಂಬ ಹೋರ್ಡಿಂಗ್ ತೆಗೆಸಿದ್ರಲ್ಲ, ಆಮೇಲೆ ಎಷ್ಟೋ ದಿನ ಬಿಲ್ಡಿಂಗ್ ಮೇಲೆ ಬರೀ ಕಬ್ಬಿಣದ ಚೌಕಟ್ಟುಗಳು ನಿಂತಿದ್ವು. ಈ ಸೀನ್ ನೋಡ್ದಾಗ ನನಗೆ ತಟ್ಟಂತ ಅದೇ ಕಣ್ಮುಂದೆ ಬಂತು.

ಸಿನಿಮಾ ನಿಂತೇಹೋಯ್ತು ಅಂದ್ರಲ್ಲ, ನಿಲ್ಲಬೇಕು ಅಂತಾನೇ ನಿಲ್ಸಿರೋದು. ಮೊದಲ ಕಥೇಲಿ ರೊಡ್ರಿಗೋ ಪ್ರಿಯೆಟೋ ಕ್ಯಾಮೆರಾ ಹುಡುಗರ ಹೆಗಲ ಮೇಲೇ ಓಡ್ತಿರುತ್ತೆ, ಇಲ್ಲಿ ಓಡೋಕೆ ಯಾರ ಕಾಲಿಗೂ ಜಾಗ ಇಲ್ಲ.

ಜೆಪಿನಗರ_ನಾಯಿಮನೆ

ನಾಯಿ ವಿಷಯಕ್ಕೆ ಮಾತ್ರ ಉತ್ತರ ಕೊಡ್ತೀನಿ, ಯಾಕಂದ್ರೆ ನಮ್ಮ ಏರಿಯಾದಲ್ಲಿ ಬೀದಿ ನಾಯಿಗಳಿಗೆ ಊಟ ಹಾಕೋ ಕೆಲಸ ಮಾಡ್ತೀನಿ, ಈ ಸಿನಿಮಾನ ತುಂಬ ಜನ ಇದೇ ಕಾರಣಕ್ಕೆ ಬೈತಾರೆ. ಶೂಟಿಂಗಲ್ಲಿ ಯಾವ ನಾಯಿಗೂ ಏಟಾಗಿಲ್ಲ. ಕಚ್ಚಾಡೋ ಥರ ಕಾಣೋ ನಾಯಿಗಳ ಬಾಯಿಗೆ ಮೀನು ಹಿಡಿಯೋ ಪಾರದರ್ಶಕ ದಾರ ಕಟ್ಟಿದ್ರು, ಪಳಗಿದ ಟ್ರೈನರ್‌ಗಳಿದ್ರು, ಸತ್ತು ಬಿದ್ದಂಗೆ ಕಾಣೋವು ಮಂಪರಿನಲ್ಲಿದ್ವು. ಸಿನಿಮಾ ಶುರುವಲ್ಲೇ ಪ್ರಾಣಿಗಳಿಗೆ ಹಿಂಸೆ ಆಗಿಲ್ಲ ಅಂತ ಬರುತ್ತೆ. ನೀವು ಇನ್ನೊಂದ್ಸಲ ನೋಡಿದ್ರೆ ಗೊತ್ತಾಗುತ್ತೆ, ಕಾಳಗ ಅಂತ ನಾವು ಅಂದ್ಕೊಂಡಿದ್ದರಲ್ಲಿ ಕಣ್ಣಿಗೆ ಕಾಣೋದು ತುಂಬ ಕಮ್ಮಿ, ಮುಕ್ಕಾಲು ಪಾಲು ಸದ್ದು ಮತ್ತೆ ಕಟಿಂಗು. ಅಮ್ಮಂಗೆ ಆದ್ರೂ ನೋಡಿ ಅಂತ ಬಲವಂತ ಮಾಡ್ಬೇಡಿ, ನನಗೂ ಆ ಸದ್ದು ಕೇಳೋಕಾಗಲಿಲ್ಲ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಜೂಜಿಗೆ ಪ್ರಾಣಿ ಕಾದಾಡಿಸೋದು ಅಪರಾಧ, ಆದ್ರೂ ಕದ್ದುಮುಚ್ಚಿ ನಡೆಸೋರು ಇದ್ದೇ ಇದ್ದಾರೆ.

ನನಗೆ ಎದೆ ಹಿಂಡಿದ್ದು ಕಾಳಗ ಅಲ್ಲ. ಆಕ್ಸಿಡೆಂಟ್ ಆದ ಜಾಗದಲ್ಲಿ ರಕ್ತ ಸೋರ್ತಿರೋ ಕೋಫಿನ ಎಲ್ ಚಿವೋ ತಳ್ಳುಗಾಡಿಲಿ ಹಾಕ್ಕೊಂಡು ಹೋಗಿ ಗಾಯ ವಾಸಿ ಮಾಡ್ತಾನೆ. ಆಮೇಲೆ ಒಂದಿನ ಮನೆಗೆ ಬಂದ್ರೆ ಅವನ ಮಕ್ಕಳ ಥರ ಇದ್ದ ನಾಯಿಗಳೆಲ್ಲ ಸತ್ತು ಬಿದ್ದಿವೆ, ಕೋಫಿ ಒಂದೇ ಬಾಲ ಅಲ್ಲಾಡಿಸ್ಕೊಂಡು ಎದುರಿಗೆ ಬರುತ್ತೆ. ಅದಕ್ಕೇನ್ ಗೊತ್ತು ಪಾಪ, ಇದನ್ನೇ ಮಾಡು ಅಂತ ಮನುಷ್ಯರೇ ಕಲಿಸಿದ್ದು, ಗೆದ್ದಾಗೆಲ್ಲ ಬೆನ್ನು ತಟ್ಟಿದ್ದು. ಅವನು ಗನ್ ಎತ್ತಿ ಗುರಿ ಇಡ್ತಾನೆ, ಹೊಡೆಯೋಕಾಗಲ್ಲ. ಎಷ್ಟೋ ಜನರನ್ನ ದುಡ್ಡು ತಗೊಂಡು ಕೊಂದೋನು, ಆ ಒಂದು ನಾಯಿ ಮುಂದೆ ಕೈ ನಡುಗುತ್ತೆ. ಆಕ್ಟಾವಿಯೋ ಬಗ್ಗೆ ಎಲ್ರೂ ಅಯ್ಯೋ ಪಾಪ ಅಂತಾರೆ, ನನಗೆ ಅವನ ಮೇಲೆ ಒಂಚೂರೂ ಕನಿಕರ ಬರಲ್ಲ, ನೇರವಾಗಿ ಹೇಳ್ತೀನಿ.

ಹಳೇ_ಸೊಸೈಟಿ_ಸದಸ್ಯ

ಫಿಲ್ಮ್ ಸೊಸೈಟಿಗಳಲ್ಲಿ ಸಿನಿಮಾ ನೋಡ್ಕೊಂಡು ಬೆಳೆದೋನು ನಾನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಸಹಿಸ್ಕೊಳ್ಳಿ. ಇಲ್ಲಿ ಯಾರೂ ಮುಟ್ಟದೇ ಇರೋ ವಿಷಯ ಅಂದ್ರೆ ಎಲ್ ಚಿವೋ ಹಿಂದಿನ ಜೀವನ. ಆತ ಹುಟ್ಟಾ ರೌಡಿ ಅಲ್ಲ, ಮೇಷ್ಟ್ರಾಗಿದ್ದೋನು. ಹೆಂಡ್ತಿ, ಪುಟ್ಟ ಮಗಳನ್ನ ಬಿಟ್ಟು ಗೆರಿಲ್ಲಾ ಹೋರಾಟಕ್ಕೆ ಹೋಗಿ ವರ್ಷಗಟ್ಟಲೆ ಜೈಲಲ್ಲಿದ್ದು ಬಂದೋನು. ಮೆಕ್ಸಿಕೋದಲ್ಲಿ 1968ರ ಅಕ್ಟೋಬರ್ 2ಕ್ಕೆ, ಒಲಿಂಪಿಕ್ಸ್ ಶುರುವಾಗೋಕೆ ಹತ್ತು ದಿನ ಮುಂಚೆ, ತ್ಲಾತೆಲೋಲ್ಕೋ ಚೌಕದಲ್ಲಿ ವಿದ್ಯಾರ್ಥಿಗಳ ಮೇಲೆ ಸೈನ್ಯ ಗುಂಡು ಹಾರಿಸ್ತು. ಅದಾದ್ಮೇಲೆ ಎಷ್ಟೋ ಓದಿದ ಹುಡುಗರು ಬಂದೂಕು ಹಿಡಿದ್ರು. ಆ ತಲೆಮಾರಿನವನು ಈತ ಅಂತ ನಾನು ಓದ್ಕೊಂಡಿದೀನಿ. ಜಗತ್ತು ಸರಿ ಮಾಡ್ತೀನಿ ಅಂತ ಹೋದವನಿಗೆ ಜೈಲಿಗೆ ಹಾಕಿದ ಪೊಲೀಸಿನವನೇ ಈಗ ಸುಪಾರಿ ತಂದುಕೊಡ್ತಾನೆ, ಇದಕ್ಕಿಂತ ಕಹಿ ಏನಿದೆ ಹೇಳಿ. ಇನ್ನೊಂದು ವಿಷಯ, ಸಿನಿಮಾ ಅಲ್ಲಿ ರಿಲೀಸ್ ಆಗಿದ್ದು 2000ದ ಜೂನ್‌ನಲ್ಲಿ, ಜುಲೈ 2ರ ಚುನಾವಣೇಲಿ 71 ವರ್ಷ ಆಳಿದ ಪಿಆರ್‌ಐ ಪಕ್ಷ ಅಧ್ಯಕ್ಷ ಪದವಿ ಕಳ್ಕೊಳ್ತು. ಆ ಹೊತ್ತಿನ ಕುದಿ, ಹಳೇದು ಕುಸೀತಿದೆ ಹೊಸದು ಏನಂತ ಗೊತ್ತಿಲ್ಲ ಅನ್ನೋ ತಳಮಳ, ಪ್ರತಿ ಫ್ರೇಮಲ್ಲೂ ಇದೆ.

ಎಲ್ ಚಿವೋ ಪಾತ್ರ ಮಾಡಿರೋ ಎಮಿಲಿಯೋ ಎಚೆವರ್ರಿಯಾ ಅವರ ನಟನೆ ಬಗ್ಗೆ ಒಂದೇ ಒಂದು ನೋಡಿ, ಕನ್ನಡಕ. ಸಿನಿಮಾ ಉದ್ದಕ್ಕೂ ಆತ ಕನ್ನಡಕ ಇಲ್ಲದೆ ಮಬ್ಬು ಮಬ್ಬಾಗೇ ಓಡಾಡ್ತಾನೆ. ಕೊನೇಲಿ ಮುರಿದ ಕನ್ನಡಕ ಅಂಟಿಸಿ ಹಾಕ್ಕೋತಾನೆ, ಉದ್ದ ಉಗುರು ಕತ್ತರಿಸ್ತಾನೆ, ಗಡ್ಡ ತೆಗೀತಾನೆ, ಮಗಳ ಮನೆಗೆ ಕದ್ದು ಹೋಗಿ ದಿಂಬಿನ ಕೆಳಗೆ ದುಡ್ಡಿಟ್ಟು ಫೋನ್ ಮೆಷಿನ್‌ನಲ್ಲಿ ಮಾತಾಡ್ತಾನೆ. ಆ ಮಗಳ ಪಾತ್ರ ಮಾಡಿರೋದು ಅವರ ಸ್ವಂತ ಮಗಳು ಲೂರ್ದೆಸ್. ಎಮಿಲಿಯೋ 2025ರ ಜನವರಿಲಿ ತೀರ್ಕೊಂಡ್ರು.

ನಮ್ಮಲ್ಲಿ ಪುಟ್ಟಣ್ಣನವರು 1976ರಲ್ಲೇ ಕಥಾಸಂಗಮದಲ್ಲಿ ಮೂರು ಕಥೆ ಒಟ್ಟಿಗೆ ಕೊಟ್ಟಿದ್ರು, ಅಲ್ಲಿ ಒಂದೊಂದು ಕಥೆ ತಾನಾಗೇ ಪೂರ್ತಿ. ಇಲ್ಲಿ ಹಂಗಲ್ಲ, ಮೊದಲ ಕಥೇಲಿ ಓಡೋಗೋ ನಾಯಿ ಮೂರನೇದ್ರಲ್ಲಿ ಬಂದು ನ್ಯಾಯ ಕೇಳುತ್ತೆ.

ಆರ್‌ಟಿನಗರ_ಸೆಕೆಂಡ್‌ಶೋ

ಸಾರ್ ಚೆನ್ನಾಗಿ ಬರ್ದಿದೀರ, ಆದ್ರೆ ಮಧ್ಯದ ಕಥೆ ವಿಷಯದಲ್ಲಿ ನನ್ನ ವೋಟು ಪ್ರಶ್ನೆ ಕೇಳಿದೋರಿಗೇನೇ. ವೀಣಾ ಮೇಡಂ ಹೇಳಿದ ಅರ್ಥ ಎಲ್ಲ ಅಲ್ಲಿದೆ, ಇಲ್ಲ ಅನ್ನಲ್ಲ, ಆದ್ರೆ ಅದೇ ಜಗಳ, ಅದೇ ಕೆರೆಯೋ ಸದ್ದು ಮತ್ತೆ ಮತ್ತೆ ಬರುತ್ತೆ, ಹದಿನೈದು ನಿಮಿಷ ಕಮ್ಮಿ ಇದ್ದಿದ್ರೂ ಏಟು ಅಷ್ಟೇ ಜೋರಾಗಿ ಬೀಳ್ತಿತ್ತು.

ನನ್ನ ಇನ್ನೊಂದು ಕಂಪ್ಲೇಂಟು ಸುಸಾನಾ ಪಾತ್ರ. ಗಂಡ ರಮೀರೋ ಹೊಡೀತಾನೆ, ಮೈದುನ ಪ್ರೀತಿ ಅಂತ ಹಿಂದೆ ಬೀಳ್ತಾನೆ, ಕೈಲೊಂದು ಮಗು, ಹೊಟ್ಟೇಲಿ ಇನ್ನೊಂದು. ಅವಳಿಗೆ ಏನು ಬೇಕು ಅಂತ ಸಿನಿಮಾ ಒಂದ್ಸಲನೂ ನಿಂತು ಕೇಳಲ್ಲ. ಕೊನೇಲಿ ಬಸ್‌ಸ್ಟ್ಯಾಂಡಲ್ಲಿ ಆಕ್ಟಾವಿಯೋ ಕಾಯ್ತಾ ಕೂತಿರೋದನ್ನ ಅಷ್ಟೊತ್ತು ತೋರಿಸ್ತಾರೆ, ಅವಳು ಯಾಕೆ ಬರಲಿಲ್ಲ ಅನ್ನೋದನ್ನ ಅವಳ ಕಡೆಯಿಂದ ಒಂದು ಸೀನಲ್ಲಾದ್ರೂ ತೋರಿಸ್ಬೋದಿತ್ತಲ್ವಾ. ಆ ಪಾತ್ರ ಮಾಡಿರೋ ವನೆಸ್ಸಾ ಬೌಚೆ ಕಣ್ಣಲ್ಲೇ ಅಷ್ಟು ಮಾಡಿದಾರೆ, ಅದಕ್ಕೇ ಹೊಟ್ಟೆ ಉರಿಯೋದು.

ಆದ್ರೂ ಇದು ದೊಡ್ಡ ಸಿನಿಮಾನೇ, ಅದ್ರಲ್ಲಿ ಎರಡು ಮಾತಿಲ್ಲ. ಮಣಿರತ್ನಂ 2004ರಲ್ಲಿ ಯುವ ಮಾಡಿದ್ರಲ್ಲ, ಸೇತುವೆ ಮೇಲಿನ ಒಂದು ಘಟನೆಯಿಂದ ಮೂರು ಹುಡುಗರ ಕಥೆ ಬಿಚ್ಕೊಳ್ಳುತ್ತೆ, ಎರಡನ್ನೂ ಹೋಲಿಸಿ ನೋಡಿ. ಅದ್ರಲ್ಲಿ ಆ ಘಟನೆ ಆದ್ಮೇಲೆ ಮೂವರ ದಾರಿನೂ ಒಂದೇ ಕಡೆ ಸೇರುತ್ತೆ, ರಾಜಕೀಯಕ್ಕೆ ಇಳಿಯೋದು, ಎದುರಾಳಿಯಾಗಿ ನಿಲ್ಲೋದು ಎಲ್ಲ ನಡೆಯುತ್ತೆ. ಮೆಕ್ಸಿಕೋ ಸಿನಿಮಾದಲ್ಲಿ ಆಕ್ಸಿಡೆಂಟ್ ಆದ್ಮೇಲೂ ಮೂವರೂ ಅಪರಿಚಿತರೇ. ವಲೇರಿಯಾಗೆ ಗುದ್ದಿದ ಹುಡುಗನ ಹೆಸರು ಅವಳಿಗೆ ಬೇಕೇ ಆಗಿಲ್ಲ, ತನ್ನ ನಾಯಿ ಬದುಕಿದೆ ಅಂತ ಆಕ್ಟಾವಿಯೋಗೆ ಗೊತ್ತೇ ಆಗಲ್ಲ. ಸಿಲ್ಕ್ ಬೋರ್ಡ್ ಜಂಕ್ಷನಲ್ಲಿ ಪಕ್ಕ ಪಕ್ಕ ನಿಂತ ಆಡಿ ಕಾರು ಮತ್ತೆ ಸ್ವಿಗ್ಗಿ ಹುಡುಗನ ಗಾಡಿ ಥರ, ಇಷ್ಟೇ ಇಷ್ಟು ಅಂತರ, ಗ್ರೀನ್ ಬಿದ್ರೆ ಅವನ್ಯಾರೋ ಇವನ್ಯಾರೋ.

ಬನಶಂಕರಿ_ಪ್ರೇಕ್ಷಕ

ಇಷ್ಟು ಚೆನ್ನಾಗಿ ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ವೀಣಾ ಅವ್ರೇ, ನೀವು ಹೇಳಿದ್ಮೇಲೆ ಆ ಫ್ಲ್ಯಾಟ್ ಭಾಗ ಮಾತ್ರ ತಿರುಗಿ ಹಾಕ್ಕೊಂಡು ನೋಡ್ದೆ. ಹೋರ್ಡಿಂಗ್ ಎಷ್ಟು ಸಲ ಫ್ರೇಮಿಗೆ ಬರುತ್ತೆ ಅಂತ ಗಮನ ಹೋಯ್ತು, ಡೇನಿಯಲ್ ಹೆಂಡ್ತಿಗೆ ಫೋನ್ ಮಾಡಿ ಮಾತಾಡ್ದೇ ಇಡೋದೂ ಈಗ ಬೇರೆ ಥರ ಕೇಳಿಸ್ತು. ಉದ್ದ ಆಯ್ತು ಅನ್ನೋ ಮಾತಿಗೆ ನಾನು ಈಗ್ಲೂ ಗಟ್ಟಿಯಾಗೇ ಇದೀನಿ, ಬೇಡವೇ ಬೇಡ ಅನ್ನೋ ಮಾತನ್ನ ಮಾತ್ರ ಫ್ರೆಂಡ್‌ಗೇ ಬಿಟ್ಟುಕೊಡ್ತೀನಿ. ಇದೇ ಡೈರೆಕ್ಟರ್‌ದು ಮುಂದೆ ಯಾವುದು ನೋಡ್ಲಿ?

ಹಳೇ_ಸೊಸೈಟಿ_ಸದಸ್ಯ

ಗಿಯೆರ್ಮೋ ಅರಿಯಾಗ ಬರೆದು ಇನ್ಯಾರಿಟು ಮಾಡಿದ್ದು ಮೂರು ಸಿನಿಮಾ, ಇದು, 2003ರ 21 ಗ್ರಾಮ್ಸ್, 2006ರ ಬೇಬಲ್. ಆಮೇಲೆ ಇಬ್ಬರೂ ಬೇರೆಯಾದ್ರು. ನೀವು ಬೇಬಲ್ ಮೊದಲು ನೋಡಿ. ಮೊರಾಕ್ಕೋ, ಜಪಾನ್, ಮೆಕ್ಸಿಕೋ ಗಡಿ, ಅಲ್ಲೂ ಒಂದು ಗುಂಡಿನ ಹಿಂದೆ ಹಲವಾರು ಮನೆಗಳ ಕಥೆ. ಕಿವಿ ಕೇಳದ ಜಪಾನಿ ಹುಡುಗಿಯ ಭಾಗಕ್ಕೋಸ್ಕರನಾದ್ರೂ ನೋಡ್ಬೇಕು. 21 ಗ್ರಾಮ್ಸ್‌ನಲ್ಲಿ ಕಾಲ ಪೂರ್ತಿ ಚೂರು ಚೂರು ಮಾಡಿ ಹರಡಿದಾರೆ, ಅದನ್ನ ಮೊಬೈಲ್ ಪಕ್ಕಕ್ಕಿಟ್ಟು ಒಂದೇ ಏಟಿಗೆ ಕೂತು ನೋಡೋಕೆ ಟೈಮ್ ಇರೋ ದಿನಕ್ಕೆ ಇಟ್ಕೊಳ್ಳಿ. ಅಮ್ಮನ ಜೊತೆ ನೋಡೋದಾದ್ರೆ ಎರಡೂ ಬೇಡ.