ಸಹಾಯ ಬೇಕು: ಓಝೋನ್, ಕಾರ್ಬನ್ ಡೈಆಕ್ಸೈಡ್ ಎರಡೂ ಜಾಸ್ತಿಯಾದರೆ ಸಸಿಗೆ ಏನಾಗುತ್ತೆ?

ಎಂಎಸ್ಸಿ ಸೆಮಿನಾರ್‌ಗೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1998ರಲ್ಲಿ ಶುರುವಾದ ಆಸ್ಪೆನ್ ಫೇಸ್ ಪ್ರಯೋಗದ ಬಗ್ಗೆ ಓದುತ್ತಿದ್ದೇನೆ (ಆಸ್ಪೆನ್ ಅಂದರೆ ಪಾಪ್ಲರ್ ಜಾತಿಯ ಒಂದು ಮರ). ಬಯಲಲ್ಲೇ ನೆಟ್ಟ ಸಸಿಗಳ ಸುತ್ತ ಪೈಪ್ ನಿಲ್ಲಿಸಿ ಅನಿಲ ಬಿಟ್ಟಿದ್ದರು. ಕಾರ್ಬನ್ ಡೈಆಕ್ಸೈಡ್ ಸುಮಾರು 560 ಪಿಪಿಎಂಗೆ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 560 ಭಾಗ) ಏರಿಸಿದಾಗ ಆಸ್ಪೆನ್ ಚೆನ್ನಾಗಿ ಬೆಳೆಯಿತು, ಓಝೋನ್ ಏರಿಸಿದಾಗ ಸೊರಗಿತು. ಇಷ್ಟು ಸರಿ. ಆದರೆ ಎರಡನ್ನೂ ಒಟ್ಟಿಗೆ ಕೊಟ್ಟಾಗ, ಮೊದಲ ವರ್ಷಗಳಲ್ಲಿ ಬೆಳವಣಿಗೆ ಮಾಮೂಲಿ ಗಾಳಿಯಲ್ಲಿದ್ದ ಸಸಿಗಳಷ್ಟೇ ಆಯಿತಂತೆ.

ಇಲ್ಲೇ ತಲೆ ಕೆಟ್ಟಿದೆ. ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದರೆ ಪತ್ರರಂಧ್ರ (ಗಾಳಿ ಒಳಗೆ ಹೊರಗೆ ಹೋಗುವ ಎಲೆಯ ಸಣ್ಣ ತೂತು) ಸ್ವಲ್ಪ ಮುಚ್ಚುತ್ತದೆ, ಓಝೋನ್ ಒಳಗೆ ಹೋಗುವುದೂ ಅದೇ ದಾರಿಯಲ್ಲಿ, ಹಾಗಾದರೆ ಸಸಿಗೆ ರಕ್ಷಣೆ ಸಿಗಬೇಕಿತ್ತು ಅಲ್ವಾ? ಪಠ್ಯಪುಸ್ತಕ ನೋಡಿದೆ, ಸೀನಿಯರ್‌ಗಳನ್ನೂ ಕೇಳಿದೆ, ಎಲ್ಲರೂ 'ಒಂದನ್ನೊಂದು ಸರಿದೂಗಿಸುತ್ತವೆ' ಅಂತ ಸುಮ್ನೆ ಮುಗಿಸುತ್ತಾರೆ.

ಆಸ್ಪೆನ್‌ನಲ್ಲಿ ರಂಧ್ರ ಸಾಕಷ್ಟು ಮುಚ್ಚುವುದೇ ಇಲ್ಲವೋ, ಇಲ್ಲಾ ಓಝೋನ್ ಮಾಡಿದ ಹಾನಿ ಸರಿಪಡಿಸುವುದಕ್ಕೇ ಹೆಚ್ಚುವರಿ ಸಕ್ಕರೆಯೆಲ್ಲ ಖರ್ಚಾಗುತ್ತದೋ? ಗೊತ್ತಿದ್ದವರು ಕಾರಣ ಸಮೇತ ಹೇಳಿ.